ಪಕ್ಕಾಸಿನ ಮೇಲೆ ಬರೆದ ನಂಬ್ರ

ನನ್ನದೊಂದು ಅಳತೆಯ ಟೇಪು ಇದೆ. ದುಂಡಗಿನ ಚರ್ಮದ ಡಬ್ಬಿಯೊಳಗೆ ಸುತ್ತಿಕೊಂಡು ಮಲಗುವ ಬಟ್ಟೆಯ ಟೇಪು. ಅದರ ಮೊದಲ ಒಂದಡಿ ಹರಿದುಹೋಗಿ ಎಷ್ಟೋ ಕಾಲವಾಯಿತು. ಆದ್ದರಿಂದ ಅದರಲ್ಲಿ ಏನನ್ನು ಅಳೆದರೂ ಬಂದ ಲೆಕ್ಕದಿಂದ ಒಂದಡಿ ಕಳೆಯಬೇಕು. ನಾವು ಕಳೆಯಲು ಮರೆಯುತ್ತಿದ್ದುದೇ ಹೆಚ್ಚು. ಹಾಗಾಗಿ ನನ್ನ ವಿದ್ಯಾರ್ಥಿ ದೆಸೆಯಲ್ಲಿ ಪುತ್ತೂರು ಸೀಮೆಯ ಹಳೆಯ ಕಟ್ಟಡಗಳೆಲ್ಲ ನಮ್ಮ ಕಾಗದದ ಮೇಲೆ ಒಂದೊಂದು ಅಡಿ ಬೆಳೆದುಬಿಟ್ಟಿದ್ದವು. ನೀವು ನಗಬಹುದು. ಟೇಪಿನ ತಪ್ಪನ್ನಾದರೂ ಕಳೆಯಲು ಬರುತ್ತದೆ. ನೆನಪಿನಿಂದ ಎಷ್ಟು ಕಳೆಯಬೇಕೆಂದು ನನಗೆ ಇವತ್ತಿಗೂ ತಿಳಿಯದು.

ಕಳೆದ ವಾರ ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಮನೆಗೆ ಬಂದರು. ರಜೆಯಲ್ಲಿ ಸುಳ್ಯ, ಕಡಬದ ಕಡೆ ತಿರುಗಿ ಹಳೆಯ ಕಟ್ಟಡಗಳ ನಕ್ಷೆ ಬರೆಯುತ್ತಾರಂತೆ. "ಸಾರ್, ನಿಮ್ಮಲ್ಲಿ ಟೇಪು ಉಂಟಂತಲ್ಲ?" ಎಂದ ಒಬ್ಬ.

"ಉಂಟು. ಆದರೆ ಹರಿದಿದೆ."

"ತೊಂದರೆ ಇಲ್ಲ ಸಾರ್, ಹೊಲಿಸ್ತೇವೆ."

ಒಂದಡಿಯನ್ನು ಎಲ್ಲಿಂದ ತಂದು ಹೊಲಿಸುತ್ತಾರೆಂದು ನಾನು ಕೇಳಲಿಲ್ಲ. ನಾಳೆ ಬನ್ನಿ ಎಂದು ಕಳುಹಿಸಿದೆ. ಟೇಪು ಕೈಗೆಟುಕುವಲ್ಲೇ ಇತ್ತು. ಕೊಡುವುದೋ ಬೇಡವೋ ಎಂದು ಯೋಚಿಸಲು ನನಗೆ ಒಂದು ದಿನ ಬೇಕಿತ್ತು. ಹಳೆಯದನ್ನು ಅಳೆಯಲು ಹೊರಟ ಹುಡುಗರಿಗೆ ಬೆನ್ನು ತಟ್ಟಬೇಕಾದ ಕೆಲಸದಲ್ಲಿ ಇರುವವನು ನಾನು. ಆದರೂ ಕೈ ಹಿಂದೆ ಬಂತು.

ಅಳತೆ ಎಂಬುದು ನಮ್ಮ ಮನೆಯ ಕಸುಬು ಎನ್ನಬೇಕು. ಅಪ್ಪನಿಗೆ ಸವಣೂರಿನಲ್ಲಿ ಸಣ್ಣ ಜವಳಿ ಅಂಗಡಿಯಿತ್ತು. ಗಜಕೋಲು ಹಿಡಿದು ಬಟ್ಟೆ ಅಳೆಯುವಾಗ ಕೊನೆಯ ಗಜಕ್ಕೆ ಅಪ್ಪ ಹೆಬ್ಬೆರಳಿನಷ್ಟು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದರು. ಬಟ್ಟೆಯ ರಾಶಿಯ ಮೇಲೆ ಕೂತ ನಾನು ಆ ಹೆಬ್ಬೆರಳನ್ನು ನೋಡುತ್ತಿದ್ದೆ. ಹೊಸ ಬಟ್ಟೆಯ ಗಂಜಿಯ ವಾಸನೆ ಈಗಲೂ ಮೂಗಿನಲ್ಲಿದೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಅಂಗಡಿಯ ಮೂಲೆಯಲ್ಲಿ ಸೀಮೆಎಣ್ಣೆಯ ಡಬ್ಬವೂ ಇತ್ತು. ನೆನಪು ಅದನ್ನು ಮಾತ್ರ ಬದಿಗಿಟ್ಟು ಗಂಜಿಯ ವಾಸನೆಯನ್ನೇ ಮುಂದೆ ತರುತ್ತದೆ.

ಆ ಅಂಗಡಿಗೆ ಬರುತ್ತಿದ್ದವರಲ್ಲಿ ಹಸನಬ್ಬ ಬ್ಯಾರಿಗಳು ಒಬ್ಬರು. ಎತ್ತರದ ಆಳು, ಸಪೂರ ದೇಹ, ಸೊಂಟಕ್ಕೆ ಹಸಿರು ಪಟ್ಟಿ. ಎತ್ತಿನ ಗಾಡಿಯಲ್ಲಿ ಉಪ್ಪು, ಒಣಮೀನು ಹೇರಿಕೊಂಡು ಒಳನಾಡಿಗೆ ಹೋಗುವ ವ್ಯಾಪಾರ. ಅವರು ಬಂದರೆ ಅಪ್ಪ ಒಳಗಿನಿಂದ ಕುರ್ಚಿ ತರಿಸುತ್ತಿದ್ದರು. ಅವರ ಊರು ಸವಣೂರಿನಿಂದ ಕಡಬಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಹೆಸರು ಬರೆಯುವುದಿಲ್ಲ. ಅಲ್ಲಿನವರಿಗೆ ನನ್ನಿಂದ ಆದದ್ದು ಸಾಕು.

ಆ ಊರಿನಲ್ಲಿ ಮರದ ಒಂದು ಹಳೆಯ ಪಳ್ಳಿ, ಎಂದರೆ ಮಸೀದಿ, ಇತ್ತು. ಹಂಚಿನ ಮಾಡು, ಮೇಲೆ ಓದುವ ಹುಡುಗರು ಮಲಗುವ ಮಾಳಿಗೆ, ಒಳಗೆ ಹೆಬ್ಬಲಸಿನ ಕಂಬಗಳು. ಬಾಗಿಲ ದಾರಂದದ ಮೇಲೆ ಬಳ್ಳಿ, ಬಳ್ಳಿಯ ನಡುವೆ ಹೂವು. ನಮ್ಮ ಕಡೆಯ ದೇವಸ್ಥಾನಗಳಿಗೆ ಮರಗೆಲಸ ಮಾಡಿದ ಆಚಾರಿಗಳೇ ಇದನ್ನೂ ಕಟ್ಟಿದ್ದು ಎಂದು ಹೂವನ್ನು ನೋಡಿದರೆ ಗೊತ್ತಾಗುತ್ತಿತ್ತು. ಮರ ಕೊಟ್ಟವರು ಹಸನಬ್ಬ ಬ್ಯಾರಿಗಳ ಅಜ್ಜ.

ನಾನು ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ಕಾಲ. ಐವತ್ತರ ದಶಕ ಅರ್ಧ ದಾಟಿತ್ತು. ರಜೆಯಲ್ಲಿ ಊರಿಗೆ ಬಂದಾಗ ಅಂಗಡಿಯಲ್ಲಿ ಹಸನಬ್ಬ ಬ್ಯಾರಿಗಳೂ ಅವರ ಸೋದರಳಿಯ ಮೊಯ್ದೀನೂ ವಾದಕ್ಕೆ ಬಿದ್ದಿದ್ದರು. ಮೊಯ್ದೀನ್ ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಚೆನ್ನಾಗಿದ್ದವನು. ಹಳೆಯ ಪಳ್ಳಿ ತೆಗೆದು ಅದೇ ಜಾಗದಲ್ಲಿ ಟೆರೇಸಿನ ಪಳ್ಳಿ ಕಟ್ಟಬೇಕೆಂಬುದು ಅವನ ಆಸೆ.

"ಶುಕ್ರವಾರ ಜುಮಾಕ್ಕೆ ಜನ ಹಿಡಿಯುದಿಲ್ಲ ಮಾಮ. ಮಳೆಗಾಲದಲ್ಲಿ ನಮಾಝಿಗೆ ನಿಂತ್ರೆ ತಲೆ ಮೇಲೆ ನೀರು, ಬಗ್ಗಿದ್ರೆ ಬೆನ್ನ ಮೇಲೆ ನೀರು."

"ಬೊಂಬಾಯಿಯಲ್ಲಿ ನೀರು ಬೀಳದ ಪಳ್ಳಿ ಉಂಟಲ್ಲ, ಅಲ್ಲಿ ನೀನು ಎಷ್ಟು ಸಲ ಬಗ್ಗಿದ್ದಿ ಅಂತ ಹೇಳು ನೋಡುವ."

ಅಪ್ಪ ನಗು ತಡೆಯಲು ಗಜಕೋಲನ್ನು ಒರೆಸತೊಡಗಿದರು. ಮೊಯ್ದೀನನೂ ನಕ್ಕ. ಹಸನಬ್ಬ ಬ್ಯಾರಿಗಳು ಮಾತ್ರ ನಗಲಿಲ್ಲ. "ನಾನು ಇರುವ ತನಕ ಮಾಡಿನ ಒಂದು ರೀಪು ಅಲುಗಿಸ್ಲಿಕ್ಕೆ ಬಿಡುದಿಲ್ಲ ಸಾವ್ಕಾರ್ರೆ. ಅಜ್ಜನಿಗೆ ನಾನೆಂತ ಉತ್ತರ ಹೇಳುದು?" ಎಂದರು.

ನಮಗೆ ಚರಿತ್ರೆ ಹೇಳುತ್ತಿದ್ದವರು ಶೇಷಗಿರಿ ರಾಯರು. "ತಾಜಮಹಲನ್ನು ನೋಡಿಕೊಳ್ಳಲು ಜನ ಇದ್ದಾರೆ. ನಿಮ್ಮ ನಿಮ್ಮ ಊರಲ್ಲಿ ಏನಿದೆ ಹೇಳಿ," ಎಂದು ಕೇಳುತ್ತಿದ್ದ ಮೇಷ್ಟ್ರು. ಇಡೀ ತರಗತಿ ತಲೆ ತಗ್ಗಿಸುತ್ತಿತ್ತು. ನಮ್ಮ ಊರಲ್ಲಿ ಏನೂ ಇಲ್ಲ ಎಂಬುದೇ ನಮ್ಮ ವಿದ್ಯಾಭ್ಯಾಸದ ಮೊದಲ ಪಾಠವಾಗಿತ್ತಲ್ಲ! ರಜೆ ಮುಗಿಸಿ ಹೋದ ನಾನು ಎದ್ದು ನಿಂತು, "ನಮ್ಮ ಕಡೆ ಒಂದು ಮರದ ಪಳ್ಳಿ ಉಂಟು ಸಾರ್, ತೆಗೀತಾರಂತೆ," ಎಂದೆ. ರಾಯರು ಪುಸ್ತಕ ಮುಚ್ಚಿದರು. ಮುಂದಿನ ರಜೆಗೆ ರಾಯರು, ನಾನು, ಮರ್ಕಂಜದ ನನ್ನ ಗೆಳೆಯ ಜನಾರ್ದನ, ಹರಿದ ಟೇಪು, ಒಂದು ಡಬ್ಬಿ ಬಿಳಿ ಪೈಂಟು, ಇಷ್ಟೂ ಬಸ್ಸಿನಲ್ಲಿ ಸವಣೂರಿಗೆ ಬಂದು ಇಳಿದವು.

ಪೈಂಟು ಯಾಕೆಂದು ಹೇಳುತ್ತೇನೆ. ನಕ್ಷೆಯಲ್ಲಿ ಪ್ರತಿ ಕಂಬ, ಪ್ರತಿ ತೊಲೆ, ಪ್ರತಿ ಪಕ್ಕಾಸಿಗೂ ಒಂದು ಸಂಖ್ಯೆ ಇರಬೇಕು, ಅದೇ ಸಂಖ್ಯೆ ಮರದ ಮೇಲೂ ಇರಬೇಕು, ಆಗ ಯಾರ ಅಳತೆಯೂ ಅದಲುಬದಲಾಗುವುದಿಲ್ಲ ಎಂಬುದು ರಾಯರ ಕ್ರಮ. ಮಾಡಿನ ಇಳಿಜಾರಿಗೆ ಹಾಕುವ ಮರಕ್ಕೆ ನಮ್ಮಲ್ಲಿ ಪಕ್ಕಾಸು ಎನ್ನುತ್ತಾರೆ. ಅವೇ ಅಷ್ಟೊಂದಿದ್ದವು. ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ಎರಡೇ ಸಾಲು: "ಪಳ್ಳಿಗೆ ಹೋದೆವು. ಮಧ್ಯಾಹ್ನ ಬಂಗುಡೆ ಸಾರು ಬಹಳ ರುಚಿ." ಚರಿತ್ರೆಯ ವಿದ್ಯಾರ್ಥಿಯ ದಾಖಲೆ ಅಂದರೆ ಇದು. ಉಳಿದದ್ದಕ್ಕೆ ನಾನು ನೆನಪನ್ನೇ ನಂಬಬೇಕು, ನೀವು ನನ್ನನ್ನು.

ಕೊಳದಲ್ಲಿ ಕಾಲು ತೊಳೆದು ಒಳಗೆ ಹೋದೆವು. ಜನಾರ್ದನ ಏಣಿ ಹತ್ತಿ ಸಂಖ್ಯೆ ಬರೆಯುತ್ತ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ಮೂಗೂ ಬಿಳಿಯಾಯಿತು. "ಜನಾರ್ದನಾ, ನಿನಗೂ ಒಂದು ನಂಬ್ರ ಬಿತ್ತು," ಎಂದರೆ, "ನನ್ನನ್ನು ಅಳೀಬೇಡ ಮಾರಾಯ, ಒಂದಡಿ ಜಾಸ್ತಿ ಮಾಡ್ತಿ," ಎಂದ. ಅವನು ಇಳಿದ ಮೇಲೆ ನಾನು ಹತ್ತಿದೆ. ಎಷ್ಟು ಸಂಖ್ಯೆ ಅವನದು, ಎಷ್ಟು ನನ್ನದು ಎಂದು ಈಗ ಹೇಳಲಾರೆ.

ಹಸನಬ್ಬ ಬ್ಯಾರಿಗಳು ಕಂಬಕ್ಕೆ ಒರಗಿ ನಿಂತು ನೋಡುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಕೇಳಿದರು: "ಎಲ್ಲದಕ್ಕೂ ನಂಬ್ರ ಹಾಕ್ತೀರಾ ಸ್ವಾಮಿ?"

"ಎಲ್ಲದಕ್ಕೂ," ಎಂದರು ರಾಯರು. "ಒಂದನ್ನೂ ಬಿಡುವುದಿಲ್ಲ. ಯಾವುದು ಎಲ್ಲಿತ್ತು ಅಂತ ಮುಂದೆ ಗೊತ್ತಾಗಬೇಕಲ್ಲ ಸಾಹೇಬರೇ?"

"ಗೊತ್ತಾಗ್ಬೇಕು. ಇಲ್ಲದಿದ್ರೆ ಆಗುದೇ ಇಲ್ಲ." ಮತ್ತೆ, "ಇದು ಕಾಲೇಜಿನದ್ದೇ ನಂಬ್ರ ಅಲ್ವಾ?" ಎಂದರು.

"ಕಾಲೇಜಿನದ್ದೇ," ಎಂದರು ರಾಯರು, ಹೆಮ್ಮೆಯಿಂದ.

ಬ್ಯಾರಿಗಳು ಅಂಗಳಕ್ಕೆ ಇಳಿದು ಮೊಯ್ದೀನನನ್ನು ಬದಿಗೆ ಕರೆದರು. ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಮೊಯ್ದೀನ್ ನಮ್ಮ ಕಡೆಗೂ ಮಾಮನ ಕಡೆಗೂ ಎರಡೆರಡು ಸಲ ನೋಡಿದ. ಮಧ್ಯಾಹ್ನ ಅವರ ಮನೆಯಲ್ಲಿ ನಮಗೆ ಅಕ್ಕಿಯ ಪತ್ತಿರಿ ರೊಟ್ಟಿ, ಮೀನು ಸಾರು. ರಾಯರು ಬೊಂಡದ ಎಳನೀರು ಕುಡಿದು, ಬಾಳೆಹಣ್ಣು ತಿಂದು, ನಮ್ಮ ತಟ್ಟೆಗಳನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತ ಕೂತರು. ಮಾವ ಅಳಿಯ ಒಂದೇ ತಟ್ಟೆಯಿಂದ ಉಂಡರು. ವಾಪಸು ಬರುವ ಬಸ್ಸಿನಲ್ಲಿ ರಾಯರಿಗೆ ಸಂತೋಷವೋ ಸಂತೋಷ. "ನೋಡಿದಿರಾ? ನಾವು ಒಂದು ದಿನ ಹೋಗಿ ಅಳೆದದ್ದಕ್ಕೆ ಜಗಳ ನಿಂತಿತು. ಸಂಶೋಧನೆಯ ಶಕ್ತಿ ಅಂದರೆ ಅದು."

ಮುಂದಿನ ರಜೆಗೆ ನಾನು ಊರಿಗೆ ಬಂದಾಗ ಅಪ್ಪ ಹೇಳಿದರು: "ಪಳ್ಳಿ ತೆಗೆದ್ರಂತೆ."

"ಹಸನಬ್ಬ ಬ್ಯಾರಿಗಳು ಬಿಟ್ರಾ?"

"ಬಿಡುದೆಂತ, ಅವರೇ ಮುಂದೆ ನಿಂತು ತೆಗೆಸಿದ್ದು. ನೀವು ಕಾಲೇಜಿನವರು ಅದನ್ನು ಬೇರೆ ಕಡೆ ನಿಲ್ಲಿಸಿ ಕೊಡ್ತೀರಂತಲ್ಲ?"

"ಯಾರು ಹೇಳಿದ್ದು?"

"ಹೇಳ್ಬೇಕಾ? ನಂಬ್ರ ಹಾಕಿ ಬಂದಿದ್ದೀರಲ್ಲ!"

ನನ್ನ ಮುಖ ನೋಡಿ ಅಪ್ಪ ಗಜಕೋಲು ಕೆಳಗಿಟ್ಟರು. ರಸ್ತೆ ಅಗಲ ಮಾಡಿದಾಗ ನಮ್ಮ ಅಂಗಡಿ ಆಚೆ ಬದಿಯಿಂದ ಈಚೆ ಬದಿಗೆ ಬಂದದ್ದು ನೆನಪಿಲ್ಲವೇ ಎಂದು ಕೇಳಿದರು. ನೆನಪಿತ್ತು. ಆಚಾರಿ ಒಂದೊಂದೇ ಮರ ಬಿಚ್ಚಿದ್ದು, ರಸ್ತೆ ದಾಟಿಸಿದ್ದು, ಕೆಲವೇ ದಿನಗಳಲ್ಲಿ ಅದೇ ಅಂಗಡಿ ಎದುರು ಬದಿಯಲ್ಲಿ ಎದ್ದು ನಿಂತದ್ದು. ಬಾಗಿಲು ಪಡುವಣದಿಂದ ಮೂಡಣಕ್ಕೆ ತಿರುಗಿತ್ತು, ನಾನು ಕೆಲವು ಕಾಲ ಹೋಗಿ ಗೋಡೆಗೆ ಮುಟ್ಟುತ್ತಿದ್ದೆ. "ಬಿಚ್ಚುವ ಮೊದಲು ಆಚಾರಿ ನಂಬ್ರ ಹಾಕಿದ್ದು ನೋಡ್ಲಿಲ್ವಾ ನೀನು? ಸೌದೆಗೆ ಹೋಗುವ ಮರಕ್ಕೆ ಯಾರಾದ್ರೂ ನಂಬ್ರ ಹಾಕ್ತಾರಾ? ನಂಬ್ರ ಹಾಕಿದವ ತಿರುಗಿ ನಿಲ್ಲಿಸಿ ಕೊಡ್ಬೇಕು. ಅದು ಮಾತು ಕೊಟ್ಟ ಹಾಗೆ. ಬಾಯಿಯಲ್ಲಿ ಹೇಳುವುದಕ್ಕಿಂತ ಹೆಚ್ಚು."

ನೋಡಿದ್ದೆನೇ? ಈ ಪ್ರಶ್ನೆ ನನ್ನನ್ನು ಆಗಾಗ ಹಿಡಿಯುತ್ತದೆ. ಆಚಾರಿ ಕೂತು ಮರದ ಮೇಲೆ ಗೀರುವ ಒಂದು ಚಿತ್ರ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿ ಬರುತ್ತದೆ. ಅದು ಅಂದು ಕಂಡದ್ದೋ, ಅಪ್ಪ ಹೇಳಿದ ಮೇಲೆ ನಾನೇ ಬರೆದುಕೊಂಡದ್ದೋ? ಕಂಡದ್ದಾದರೆ ಪೈಂಟಿನ ಕುಂಚ ಹಿಡಿದಾಗ ಯಾಕೆ ನೆನಪಾಗಲಿಲ್ಲ? ಊರಿನ ಮಕ್ಕಳು ನಾವು ಊರನ್ನು ರಾಯರಿಗೆ ತೋರಿಸಲು ಹೋಗಿದ್ದೆವು. ತೋರಿಸುವುದಕ್ಕೆ ನಮಗೆ ಎಷ್ಟು ಗೊತ್ತಿತ್ತು?

ಮರುದಿನವೇ ಹೋದೆ. ಪಳ್ಳಿಯಿದ್ದ ಜಾಗದಲ್ಲಿ ಹೊಸ ತಳಪಾಯ ಎದ್ದಿತ್ತು. ಹಸನಬ್ಬ ಬ್ಯಾರಿಗಳ ಮನೆಯ ಹಿಂದೆ ಮುಳಿಹುಲ್ಲಿನ ದೊಡ್ಡ ಕೊಟ್ಟಿಗೆ. ಅದರೊಳಗೆ ಇಡೀ ಪಳ್ಳಿ ಮಲಗಿತ್ತು. ಕಂಬದ ಮೇಲೆ ಕಂಬ, ಪಕ್ಕಾಸಿನ ಮೇಲೆ ಪಕ್ಕಾಸು. ಬಿಳಿ ಸಂಖ್ಯೆಗಳೆಲ್ಲ ಹೊರಕ್ಕೆ ಕಾಣುವ ಹಾಗೆ ಅಟ್ಟಿ ಕಟ್ಟಿದ್ದರು.

"ಯಾವಾಗ ಶುರು?" ಎಂದರು, ನಾನು ಕೂರುವ ಮೊದಲೇ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಲೇಜಿನಲ್ಲಿ ಹಾಗೆ ಕಟ್ಟುವ ಏರ್ಪಾಡಿಲ್ಲ, ನಾವು ಸಂಖ್ಯೆ ಹಾಕಿದ್ದು ಚಿತ್ರ ಬರೆಯಲಿಕ್ಕೆ ಮಾತ್ರ, ಕಾಗದದ ಮೇಲೆ ಉಳಿಸಲಿಕ್ಕೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಬೆನ್ನು ತಟ್ಟಿದರು.

"ಆಚಾರಿಗಳು ಸಹ ಹೀಗೇ ಹೇಳುದು ಮಗಾ. ಈಗ ಆಗುದಿಲ್ಲ, ಆಳು ಇಲ್ಲ, ಅದು ಇಲ್ಲ, ಇದು ಇಲ್ಲ. ನನಗೆ ಗಡಿಬಿಡಿ ಇಲ್ಲ. ನಿಮ್ಮ ಓದು ಮುಗೀಲಿ."

"ಹಾಗಲ್ಲ ಬ್ಯಾರಿಗಳೇ, ನಿಜವಾಗಿ..."

"ಬರೆದದ್ದು ನೀವೇ ಅಲ್ವಾ?"

"ನಾವೇ."

"ಮತ್ತೆಂತ?"

ಮಂಗಳೂರಿಗೆ ಹೋಗಿ ರಾಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನಾನು ಅಂಥ ಮಾತೇ ಆಡಲಿಲ್ಲವಲ್ಲ," ಎಂದರು. ಆಮೇಲೆ ತಾವೇ, "ಆಡಿದೆ ಅಂತ ಆಯಿತು," ಎಂದರು. ಅವರು ಸುಮ್ಮನೆ ಕೂರಲಿಲ್ಲ. ಗೊತ್ತಿದ್ದವರ ಮನೆ ಬಾಗಿಲಿಗೆಲ್ಲ ಹೋದರು. ಒಂದು ಕಚೇರಿಯಲ್ಲಿ, ನಿಂತ ಕಟ್ಟಡವಾದರೆ ನೋಡಬಹುದಿತ್ತು, ಬಿಚ್ಚಿದ ಕಟ್ಟಡ ಬರೀ ಮರ ಎಂದರಂತೆ. ಮರುವರ್ಷ ಅವರಿಗೆ ಬಳ್ಳಾರಿಗೆ ವರ್ಗವಾಯಿತು. ಪಳ್ಳಿಯ ನಕ್ಷೆಗಳು ಅವರ ಟ್ರಂಕಿನಲ್ಲಿ ಹೋದವು. ಒಂದೊಂದು ಅಡಿ ಹೆಚ್ಚಿದ್ದ ಆ ನಕ್ಷೆಗಳನ್ನು ಮತ್ತೆ ನಾನು ನೋಡಲಿಲ್ಲ. ಜನಾರ್ದನ ಇಂಜಿನಿಯರಾಗಿ ಕಾಂಕ್ರೀಟಿನ ಸೇತುವೆ ಕಟ್ಟುತ್ತಿದ್ದಾನೆ. ನಾನು ಪುತ್ತೂರಿಗೆ ಬಂದು ಚರಿತ್ರೆಯನ್ನೇ ಪಾಠ ಹೇಳುತ್ತಿದ್ದೇನೆ.

ಹೊಸ ಪಳ್ಳಿ ಎದ್ದಿತು. ಚೆನ್ನಾಗಿಯೇ ಇದೆ, ಸೋರುವುದಿಲ್ಲ. ಹಸನಬ್ಬ ಬ್ಯಾರಿಗಳು ಅದರಲ್ಲೇ ನಮಾಝ್ ಮಾಡುತ್ತಿದ್ದರು, ಮುಗಿಸಿ ಬಂದು ಕೊಟ್ಟಿಗೆಗೆ ಒಂದು ಸುತ್ತು ಹಾಕುತ್ತಿದ್ದರು. ಮಳೆಗಾಲಕ್ಕೆ ಮೊದಲು ಮರವನ್ನೆಲ್ಲ ಇಳಿಸಿ, ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಸವರಿಸಿ, ತಿರುಗಿ ಅಟ್ಟಿ ಕಟ್ಟಿಸುತ್ತಿದ್ದರು. ಆ ಎಣ್ಣೆ ತಾಗಿದರೆ ಎಲ್ಲ ಕಪ್ಪು. ಸಂಖ್ಯೆ ಮುಚ್ಚಿಹೋಗಬಾರದೆಂದು ಅಷ್ಟು ಜಾಗ ಬಿಟ್ಟು ಸವರಬೇಕೆಂದು ಅವರ ಅಪ್ಪಣೆ. ಗೆದ್ದಲು ಹತ್ತಿದ್ದು ಅಲ್ಲಿಂದಲೇ.

ದಾರಿಯಲ್ಲಿ ಸಿಕ್ಕಿದರೆ, "ಪುರುಸೊತ್ತು ಆಯ್ತಾ ಮಾಷ್ಟ್ರೆ?" ಎಂದು ಕೇಳುತ್ತಿದ್ದರು. ಹಂಗಿಸುವ ದನಿ ಅಲ್ಲ. ಹಂಗಿಸಿದ್ದರೆ ಉತ್ತರ ಕೊಡಬಹುದಿತ್ತು. ಒಮ್ಮೊಮ್ಮೆ ದೂರದಲ್ಲಿ ಹಸಿರು ಪಟ್ಟಿ ಕಂಡರೆ ನಾನು ಇನ್ನೊಂದು ಗಲ್ಲಿಗೆ ತಿರುಗುತ್ತಿದ್ದೆ.

ನನ್ನ ವಿದ್ಯಾರ್ಥಿಗಳಿಗೆ ಟೇಪು ಕೊಟ್ಟೆ, ಹೇಳಲು ಮರೆತೆ. ಮರುದಿನ ಬಂದಾಗಲೇ ಕೊಟ್ಟೆ. ಒಂದಡಿ ಕಳೆಯಿರಿ ಎಂದೆ. ಹೋಗಿ, ನೋಡಿ, ಬರೆಯಿರಿ, ನೀವು ಹೋಗದಿದ್ದರೆ ಯಾರೂ ಹೋಗುವುದಿಲ್ಲ ಎಂದೆ. ಹೇಳುವಾಗ ರಾಯರ ದನಿಯೇ ಬಂತು. ಪೈಂಟು ಮಾತ್ರ ಒಯ್ಯಬೇಡಿ ಎಂದೆ. ಯಾಕೆ ಸಾರ್ ಎಂದರು. ಹೇಳಿದರೆ ದೊಡ್ಡ ಕತೆಯಾಗುತ್ತದೆಂದು, ಮರ ಹಾಳಾಗುತ್ತದೆ ಎಂದಷ್ಟೇ ಹೇಳಿದೆ. ಆ ಕತೆಯ ಕೊನೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ.

ನಾಲ್ಕೈದು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಮೊಯ್ದೀನ್ ಜೀಪಿನಲ್ಲಿ ಮನೆಗೆ ಬಂದ. ತಲೆ ಅರ್ಧ ನರೆತಿತ್ತು.

"ಮಾಷ್ಟ್ರೆ, ಒಮ್ಮೆ ಬರ್ಬೇಕಲ್ಲ. ಪಂಜದ ಕಡೆಯವರು ಮದರಸ ಕಟ್ಲಿಕ್ಕೆ ಮರ ಕೇಳಿದ್ದಾರೆ. ಬಡವರು. ಪಳ್ಳಿಯ ಮರ ಹಾಗೆ ಮನೆಗೆ ಕೊಡ್ಲಿಕ್ಕೆ ಆಗುದಿಲ್ಲ, ಮದರಸಕ್ಕೆ ಆಗ್ತದೆ. ಮಾಮನಿಗೂ ಮನಸ್ಸು ಬಂದಿದೆ. ಆದ್ರೆ ನಿಮ್ಮ ನಂಬ್ರ ಉಂಟಲ್ಲ. ನಂಬ್ರ ಇರುವ ಮರ ಬೇರೆಯವರಿಗೆ ಕೊಟ್ರೆ ನಿಮ್ಮನ್ನು ಮಾತು ತಪ್ಪಿಸಿದ ಹಾಗೆ ಆಗ್ತದಂತೆ. ಬರೆದವರೇ ಬಂದು ಅಳಿಸ್ಬೇಕಂತೆ."

"ನೀವೇ ಅಳಿಸಬಹುದಿತ್ತಲ್ಲ?"

"ನಾನು ಕೈ ಹಾಕಿದ್ರೆ ಮೊದಲು ನನ್ನನ್ನು ಕೆರೆದಾರು ಮಾರಾಯ್ರೆ."

ಅದೇ ಜೀಪಿನಲ್ಲಿ ಹೊರಟೆವು. ಹಸನಬ್ಬ ಬ್ಯಾರಿಗಳು ಕೊಟ್ಟಿಗೆಯ ಎದುರು ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿತ್ತು, ನನ್ನ ದನಿಯಿಂದ ಗುರುತಿಸಿದರು. "ಬಂದ್ರಾ? ನಿಮಗೆ ತೊಂದರೆ ಕೊಟ್ಟೆ," ಎಂದರು. ನನ್ನ ಕೈಗೆ ಒಡೆದ ಬಾಟಲಿಯ ಚೂರು ಕೊಡಿಸಿದರು. ಮರ ಕೆರೆಯಲು ಆಚಾರಿಗಳು ಬಳಸುವುದು ಅದನ್ನೇ.

ಗೆದ್ದಲು ತಿಂದು ಉಳಿದದ್ದು ಅರ್ಧಕ್ಕಿಂತ ಕಡಿಮೆ. ನಾನು ನೆಲದಲ್ಲಿ ಕೂತು ಕೆರೆಯತೊಡಗಿದೆ. ಪ್ರತಿ ಸಲವೂ ಅವರು "ಯಾವ ನಂಬ್ರ?" ಎಂದು ಕೇಳುವರು, ನಾನು ಹೇಳುವೆನು. ಮೊದಲು ಕೆಲವಕ್ಕೆ "ಅದು ಮೂಡು ಬದಿಯದ್ದು," "ಅದು ಮಾಳಿಗೆಯದ್ದು" ಎಂದರು. ಆಮೇಲೆ ತೊದಲಿದರು. "ಅದು... ಎಲ್ಲಿತ್ತು ಮಾಷ್ಟ್ರೆ?" ಎಂದು ನನ್ನನ್ನೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಯಾವುದು ಎಲ್ಲಿತ್ತೆಂದು ಮುಂದೆ ತಿಳಿಯಲೆಂದು ಬರೆದ ಸಂಖ್ಯೆ ನನ್ನ ಕೈಯಲ್ಲೇ ಇತ್ತು, ತಿಳಿದವರು ಯಾರೂ ಇರಲಿಲ್ಲ. ಅವರು ಕೇಳುವುದನ್ನು ಬಿಟ್ಟರು. ಗಾಜು ಮರಕ್ಕೆ ಉಜ್ಜುವ ಸದ್ದು ಮಾತ್ರ ಉಳಿಯಿತು.

ಒಂದು ಪಕ್ಕಾಸಿನ ತುದಿಯಲ್ಲಿ ಬಿಳಿ ಬಣ್ಣ ಹೋಗಲೇ ಇಲ್ಲ. ಮೇಲಿನದು ಪುಡಿಯಾಗಿ ಉದುರಿತು, ಆದರೆ ಸಣ್ಣ ಸಣ್ಣ ಗೆರೆಗಳಲ್ಲಿ ಅದು ಕೂತೇ ಇತ್ತು. ಬೆಳಕಿಗೆ ಹಿಡಿದು ನೋಡಿದೆ. ಉಳಿಯಲ್ಲಿ ಕೊರೆದ ಗೀರುಗಳು. ಮೂರು ಗೆರೆ, ಬದಿಯಲ್ಲಿ ಒಂದು ಅಕ್ಷರ, ಕನ್ನಡದ್ದಲ್ಲ. ಇನ್ನೊಂದು ಪಕ್ಕಾಸನ್ನು ಕೆರೆದೆ. ಅದರಲ್ಲೂ ಇತ್ತು, ನಾಲ್ಕು ಗೆರೆ. ಪಳ್ಳಿಯನ್ನು ಮೊದಲು ಕಟ್ಟಿದ ಆಚಾರಿ ಮರವನ್ನೆಲ್ಲ ಎಲ್ಲೋ ಕೆತ್ತಿ ಹೊಂದಿಸಿ, ಗುರುತು ಹಾಕಿ, ಇಲ್ಲಿಗೆ ತಂದಿದ್ದ. ಅವನ ಗುರುತಿನ ಮೇಲೆಯೇ ನಾವು ಬಿಳಿ ಬಣ್ಣದಲ್ಲಿ ನಮ್ಮ ಸಂಖ್ಯೆ ಬರೆದಿದ್ದೆವು. ಅಂದು ಅದನ್ನು ಕಂಡು ಮರದ ಬಿರುಕು ಎಂದುಕೊಂಡೆವೋ, ಕಾಣಲೇ ಇಲ್ಲವೋ, ನೆನಪಿಲ್ಲ.

"ಎಂತ ಸದ್ದು ನಿಂತಿತು?" ಎಂದರು ಬ್ಯಾರಿಗಳು.

"ಇಲ್ಲಿ ಬೇರೆ ನಂಬ್ರ ಉಂಟು ಬ್ಯಾರಿಗಳೇ. ನಮ್ಮದಲ್ಲ. ಹಳೇದು, ಉಳಿಯಲ್ಲಿ ಕೆತ್ತಿದ್ದು."

ಮೊಯ್ದೀನ್ ಪಕ್ಕಾಸಿನ ತುದಿಯನ್ನು ಎತ್ತಿ ಅವರ ಮಡಿಲಿಗೆ ತಂದ. ಅವರು ಬೆರಳಿನಿಂದ ಗೆರೆಗಳನ್ನು ತಡವಿದರು. ಒಂದು ಸಲ ಆಚೆ, ಒಂದು ಸಲ ಈಚೆ.

"ಇದನ್ನೂ ಕೆರೆಯುದಾ?" ಎಂದು ಕೇಳಿದೆ.

"ಬೇಡ ಮಾಷ್ಟ್ರೆ. ಅದು ಇರ್ಲಿ," ಎಂದರು. "ಅವ ನಿಲ್ಲಿಸಿ ಹೋದವ."